ದಿನ ತುಂಬದ ಮಗು, ಬಾಗಿಲಾಚೆ ಕಾಯುವ ಹೆತ್ತವರು

ಗರ್ಭಕ್ಕೆ 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ. ಮನೆಮಾತಿನಲ್ಲಿ ಅದು ದಿನ ತುಂಬದ ಕೂಸು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 1.34 ಕೋಟಿ ಮಕ್ಕಳು ಹೀಗೆ ಹುಟ್ಟಿದರು. ಹುಟ್ಟಿದ ಪ್ರತಿ ಹತ್ತು ಮಕ್ಕಳಲ್ಲಿ ಒಂದು ಮಗು ದಿನ ತುಂಬದ್ದು. ಆ ವರ್ಷ ಭಾರತದಲ್ಲೇ ಇಂಥ ಮಕ್ಕಳು ಸುಮಾರು 30 ಲಕ್ಷ. ಬೇರೆ ಯಾವ ದೇಶದಲ್ಲೂ ಸಂಖ್ಯೆ ಇಷ್ಟಿಲ್ಲ. 32 ವಾರ ದಾಟಿ ಹುಟ್ಟುವವರೇ ಇವರಲ್ಲಿ ಹೆಚ್ಚು. ಅವರಲ್ಲಿ ಅನೇಕರು ಕೆಲವು ದಿನಗಳ ಆರೈಕೆಯಲ್ಲೇ ಚೇತರಿಸಿಕೊಳ್ಳುತ್ತಾರೆ. 28ರಿಂದ 32 ವಾರಗಳ ನಡುವೆ ಹುಟ್ಟಿದ ಮಗುವಿಗೆ ವಾರಗಟ್ಟಲೆ ಆಸ್ಪತ್ರೆವಾಸ ಬೇಕಾಗುತ್ತದೆ. 28 ವಾರಕ್ಕೂ ಮುಂಚೆ ಹುಟ್ಟಿದರೆ ಅದು ತಿಂಗಳುಗಳ ಮಾತು.

ಈ ಮಕ್ಕಳನ್ನು ನೋಡಿಕೊಳ್ಳುವ ಜಾಗಕ್ಕೆ ದೊಡ್ಡ ಆಸ್ಪತ್ರೆಗಳಲ್ಲಿ ಎನ್‌ಐಸಿಯು, ಅಂದರೆ ನವಜಾತ ಶಿಶು ತೀವ್ರ ನಿಗಾ ಘಟಕ ಎಂದು ಹೆಸರು. ಜಿಲ್ಲಾ ಆಸ್ಪತ್ರೆಗಳಲ್ಲಿ ಎಸ್‌ಎನ್‌ಸಿಯು, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ ಇರುತ್ತದೆ. ಅಲ್ಲಿ ಮಗುವಿನ ಉಸಿರು, ಮೈಬಿಸಿ, ತೂಕ, ಕುಡಿದ ಹಾಲು ಎಲ್ಲವನ್ನೂ ಅಳೆದು ಬರೆದಿಡುತ್ತಾರೆ. ಹೊರಗೆ ಬೆಂಚಿನ ಮೇಲೆ ಕುಳಿತ ತಾಯಿ ತಂದೆಯ ಮನಸ್ಸು ಹೇಗಿದೆ ಎಂದು ಬರೆದಿಡುವ ಕೇಸ್ ಶೀಟು ಹೆಚ್ಚಿನ ಕಡೆ ಇಲ್ಲ. ಆದರೆ ಹಲವು ದೇಶಗಳಲ್ಲಿ ದಶಕಗಳಿಂದ ನಡೆದ ಸಂಶೋಧನೆ ಒಂದು ವಿಷಯವನ್ನು ಸ್ಪಷ್ಟಪಡಿಸಿದೆ: ಹೆತ್ತವರ ಮನಸ್ಸನ್ನು ನೋಡಿಕೊಳ್ಳುವುದು ಮಗುವಿನ ಚಿಕಿತ್ಸೆಯದೇ ಒಂದು ಭಾಗ. ಅದನ್ನು ಬಿಟ್ಟ ಚಿಕಿತ್ಸೆ ಅರ್ಧ ಚಿಕಿತ್ಸೆ.

ತಪ್ಪಿಹೋಗುವ ಬಾಣಂತನ

ಗರ್ಭದ ಒಂಬತ್ತು ತಿಂಗಳು ಮಗು ಬೆಳೆಯುವ ಕಾಲ ಮಾತ್ರವಲ್ಲ, ತಾಯಿ ತಂದೆ ಮನಸ್ಸಿನಲ್ಲಿ ಸಿದ್ಧರಾಗುವ ಕಾಲವೂ ಹೌದು. ಕಡೆಯ ಎರಡು ತಿಂಗಳಲ್ಲಿ ಈ ಸಿದ್ಧತೆ ಬಿರುಸಾಗುತ್ತದೆ. ಸೀಮಂತದ ದಿನ ಗೊತ್ತಾಗುತ್ತದೆ, ತವರಿಗೆ ಹೋಗುವುದು ಯಾವಾಗ ಎಂದು ತೀರ್ಮಾನವಾಗುತ್ತದೆ, ಹಳೆಯ ಹತ್ತಿ ಸೀರೆಗಳನ್ನು ಒಗೆದು ಹರಿದು ಮಗುವಿನ ಬಟ್ಟೆಗೆಂದು ಮಡಚಿಡುತ್ತಾರೆ. ಏಳನೆಯ ತಿಂಗಳಲ್ಲೇ ನೋವು ಬಂದರೆ, ಇಲ್ಲವೇ ರಕ್ತದೊತ್ತಡ ಏರಿ ತುರ್ತು ಶಸ್ತ್ರಚಿಕಿತ್ಸೆಯಾದರೆ, ಇದೆಲ್ಲ ನಡುವಿನಲ್ಲೇ ತುಂಡಾಗುತ್ತದೆ. ತಾಯಿಯಾದಳು ಎಂಬ ಸಂಭ್ರಮಕ್ಕೆ ಮುಂಚೆ ಮಗು ಉಳಿಯುತ್ತದೆಯೇ ಎಂಬ ಪ್ರಶ್ನೆ ಎದುರು ನಿಲ್ಲುತ್ತದೆ.

ಹೆರಿಗೆಯ ನಂತರದ ದಿನಗಳಿಗೂ ನಮ್ಮಲ್ಲಿ ಒಂದು ಕ್ರಮವಿದೆ. ಬೆಚ್ಚಗಿನ ಕೋಣೆ, ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಮೆಣಸಿನ ಸಾರು, ಪಕ್ಕದಲ್ಲಿ ಮಲಗಿದ ಮಗು, ಸುತ್ತ ಅಮ್ಮ, ಅಜ್ಜಿ, ಅತ್ತೆ. ಮಗು ಗಾಜಿನ ಪೆಟ್ಟಿಗೆಯಲ್ಲಿದ್ದಾಗ ಈ ಬಾಣಂತನದ ಅರ್ಥವೇ ಬದಲಾಗುತ್ತದೆ. ಹೊಟ್ಟೆಯ ಹೊಲಿಗೆ ಇನ್ನೂ ಮಾಯದ ತಾಯಿ ಎರಡು ಮೂರು ಗಂಟೆಗೊಮ್ಮೆ ಮಹಡಿ ಹತ್ತಿ ಹೋಗಿ ಹಾಲು ಹಿಂಡಿ ಕೊಟ್ಟು ಬರುತ್ತಾಳೆ. ಎಷ್ಟೋ ಸಲ ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಆಗಿರುತ್ತದೆ. ಮಗುವನ್ನು ಆಂಬುಲೆನ್ಸ್‌ನಲ್ಲಿ ಜಿಲ್ಲಾ ಕೇಂದ್ರಕ್ಕೆ ಕಳಿಸಿರುತ್ತಾರೆ. ತಾಯಿ ಒಂದೂರಲ್ಲಿ, ಮಗು ಇನ್ನೊಂದೂರಲ್ಲಿ, ತಂದೆ ಎರಡರ ನಡುವೆ ಓಡಾಟದಲ್ಲಿ. ಮಗುವನ್ನು ಆಸ್ಪತ್ರೆಯಲ್ಲೇ ಬಿಟ್ಟು ಬರಿಗೈಯಲ್ಲಿ ಡಿಸ್‌ಚಾರ್ಜ್ ಆಗುವ ದಿನವನ್ನು ಅನೇಕ ತಾಯಂದಿರು ಇಡೀ ಅವಧಿಯ ಅತಿ ಕಷ್ಟದ ದಿನ ಎನ್ನುತ್ತಾರೆ. ತೊಟ್ಟಿಲು ಶಾಸ್ತ್ರ ಮುಂದೆ ಹೋಗುತ್ತದೆ. ಉಳಿಯುತ್ತದೋ ಇಲ್ಲವೋ ಎಂಬ ಅಳುಕಿನಲ್ಲಿ ಮಗುವಿಗೆ ಹೆಸರಿಡಲೂ ಕೆಲವರು ಹಿಂಜರಿಯುತ್ತಾರೆ.

ಮೂರು ಬಗೆಯ ನೋವು

ನಿಗಾ ಘಟಕದಲ್ಲಿ ಮಗು ಇರುವ ಹೆತ್ತವರ ಒತ್ತಡವನ್ನು ಅಳೆಯಲು ಅಮೆರಿಕದ ನರ್ಸಿಂಗ್ ಸಂಶೋಧಕಿ ಮಾರ್ಗರೆಟ್ ಮೈಲ್ಸ್ ಮತ್ತು ಸಂಗಡಿಗರು ರೂಪಿಸಿದ ಪ್ರಶ್ನಾವಳಿಯೊಂದು 1993ರಲ್ಲಿ ಪ್ರಕಟವಾಯಿತು. ಅದು ಹಲವು ಭಾಷೆಗಳಿಗೆ ಅನುವಾದವಾಗಿ ಇಂದಿಗೂ ಬಳಕೆಯಲ್ಲಿದೆ. ಒತ್ತಡದ ಮೂಲಗಳನ್ನು ಅದು ಮೂರಾಗಿ ವಿಂಗಡಿಸುತ್ತದೆ: ಘಟಕದ ನೋಟ ಮತ್ತು ಸದ್ದು, ಮಗುವಿನ ರೂಪ ಮತ್ತು ವರ್ತನೆ, ತಾಯಿ ತಂದೆಯ ಪಾತ್ರದಲ್ಲಿ ಆಗುವ ಏರುಪೇರು.

ಮೊದಲನೆಯದು ಒಳಗೆ ಕಾಲಿಟ್ಟ ಕೂಡಲೇ ಎದುರಾಗುತ್ತದೆ. ಸಾಲು ವಾರ್ಮರ್‌ಗಳು, ವೈರುಗಳು, ಮಾನಿಟರ್‌ನ ಏರಿಳಿಯುವ ಅಂಕಿಗಳು, ನಡುನಡುವೆ ಕಿರುಚುವ ಅಲಾರಂ. ಅಲಾರಂ ಕೂಗಿದಾಗಲೆಲ್ಲ ಮಗುವಿಗೆ ಏನೋ ಆಯಿತೆಂದು ಹೆತ್ತವರ ಎದೆ ಒಡೆಯುತ್ತದೆ. ವಾಸ್ತವದಲ್ಲಿ ಮಗು ಕಾಲು ಅಲ್ಲಾಡಿಸಿ ಸೆನ್ಸರ್ ಸಡಿಲವಾದರೂ ಅಲಾರಂ ಕೂಗುತ್ತದೆ. 34 ವಾರ ತುಂಬದ ಮಕ್ಕಳಲ್ಲಿ ಮೆದುಳಿನ ಉಸಿರಾಟದ ಕೇಂದ್ರ ಇನ್ನೂ ಬಲಿತಿರುವುದಿಲ್ಲ. ಆದ್ದರಿಂದ ಉಸಿರು ಕೆಲವು ಸೆಕೆಂಡು ನಿಲ್ಲುವುದೂ ಸಾಮಾನ್ಯ. ಇಂಥ ಹೊತ್ತಿನಲ್ಲಿ ಅನೇಕ ಸಲ ನರ್ಸ್ ಅಂಗಾಲನ್ನು ಮೆಲ್ಲಗೆ ತಟ್ಟಿದರೆ ಸಾಕು, ಮಗು ಮತ್ತೆ ಉಸಿರಾಡುತ್ತದೆ. ಇದನ್ನು ಮೊದಲ ದಿನವೇ ಯಾರಾದರೂ ಕೂರಿಸಿ ಹೇಳಿದರೆ ಆ ಸದ್ದಿನ ಭಯ ಎಷ್ಟೋ ಕಡಿಮೆಯಾಗುತ್ತದೆ.

ಎರಡನೆಯದು ಮಗುವಿನ ರೂಪ. ಚರ್ಮದಡಿಯ ಕೊಬ್ಬು ತುಂಬುವುದು ಗರ್ಭದ ಕಡೆಯ ವಾರಗಳಲ್ಲಿ. ಅದಕ್ಕೆ ಮೊದಲೇ ಹುಟ್ಟಿದ ಮಗುವಿನ ಚರ್ಮ ತೆಳುವಾಗಿ, ಕೆಂಪಗೆ, ನರಗಳು ಕಾಣುವಂತೆ ಇರುತ್ತದೆ. ಮೂಗಿಗೆ ಉಸಿರಾಟದ ನಳಿಕೆ, ಬಾಯಿಂದ ಹೊಟ್ಟೆಗೆ ಹಾಲಿನ ನಳಿಕೆ, ಕಾಮಾಲೆಗೆ ನೀಲಿ ಬೆಳಕಿನಡಿ ಇಟ್ಟರೆ ಕಣ್ಣಿಗೆ ಪಟ್ಟಿ. ತೂಕ ಮೊದಲ ದಿನಗಳಲ್ಲಿ ಇಳಿಯುತ್ತದೆ; ಹುಟ್ಟಿದ ತೂಕಕ್ಕೆ ಮರಳಲು ಎರಡು ವಾರ ಹಿಡಿಯಬಹುದು. ಇದು ನಿರೀಕ್ಷಿತ ಎಂದು ತಿಳಿಯದ ಹೆತ್ತವರು ನಿತ್ಯವೂ ತೂಕದ ಅಂಕಿಗಾಗಿ ಜೀವ ಹಿಡಿದು ಕಾಯುತ್ತಾರೆ. ಮಗುವಿನ ದಾರಿಯೂ ನೇರವಲ್ಲ. ನಿನ್ನೆ ಉಸಿರಾಟದ ಯಂತ್ರ ಬಿಡಿಸಿದ ಮಗುವಿಗೆ ಇಂದು ಸೋಂಕು ಎನ್ನುತ್ತಾರೆ, ಹಾಲು ಜೀರ್ಣವಾಗುತ್ತಿಲ್ಲ ಎಂದು ಮತ್ತೆ ಡ್ರಿಪ್ ಹಾಕುತ್ತಾರೆ. ಸಮಾಧಾನದ ಬೆನ್ನಿಗೇ ದಿಗಿಲು ಬರುವ ಈ ದಿನಗಳಲ್ಲಿ ಸಂತೋಷಪಡಲೂ ಹೆದರುವ ಸ್ಥಿತಿ ಉಂಟಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಆಳವಾದುದು. ಬೇರೆ ಬೇರೆ ದೇಶಗಳಲ್ಲಿ ಇದೇ ಪ್ರಶ್ನಾವಳಿ ಬಳಸಿದ ಅನೇಕ ಅಧ್ಯಯನಗಳಲ್ಲಿ ಅತಿ ಹೆಚ್ಚು ಒತ್ತಡ ಕಂಡದ್ದು ಈ ಭಾಗದಲ್ಲಿ: ತನ್ನ ಮಗುವನ್ನು ತಾನು ಎತ್ತಿಕೊಳ್ಳಲಾಗದ, ಹಾಲೂಡಿಸಲಾಗದ, ನೋವಿನಿಂದ ಕಾಪಾಡಲಾಗದ ಅಸಹಾಯಕತೆ. ಮಗುವಿನ ಬಗೆಗಿನ ಪ್ರತಿ ನಿರ್ಧಾರ ಬೇರೆಯವರದು. ಮುಟ್ಟಬೇಕೆಂದರೆ ಸಿಸ್ಟರನ್ನು ಕೇಳಬೇಕು, ನೋಡಬೇಕೆಂದರೆ ವಿಸಿಟಿಂಗ್ ಅವರ್ಸ್‌ಗೆ ಕಾಯಬೇಕು. ಇದು ನನ್ನ ಮಗು ಅನ್ನಿಸುವುದೇ ಇಲ್ಲ ಎಂದು ಕೆಲವು ತಾಯಂದಿರು ಹೇಳಿಕೊಂಡು ತಮ್ಮ ಮೇಲೆ ತಾವೇ ಹೇಸಿಕೊಳ್ಳುತ್ತಾರೆ. ಪ್ರೀತಿ ಇಲ್ಲದ್ದಕ್ಕೆ ಹೀಗಾಗುವುದಿಲ್ಲ. ಪ್ರೀತಿ ಬೆಳೆಯುವುದು ಎತ್ತಿ ಆಡಿಸುವ, ಉಣಿಸುವ, ಒರೆಸುವ ಕೆಲಸಗಳ ಮೂಲಕ. ಆ ಕೆಲಸಗಳೇ ಕೈತಪ್ಪಿದಾಗ ಅದು ನಿಧಾನವಾಗುತ್ತದೆ, ಅಷ್ಟೆ.

ತಪ್ಪು ಯಾರದೂ ಅಲ್ಲ

ದಿನ ತುಂಬದ ಹೆರಿಗೆಯಾದ ಬಹುತೇಕ ಎಲ್ಲ ತಾಯಂದಿರನ್ನೂ ಕಾಡುವುದು ಅಪರಾಧಿ ಭಾವ. ಅಂದು ಬಸ್ಸಿನಲ್ಲಿ ಹೋಗಬಾರದಿತ್ತೇ, ನೀರಿನ ಕೊಡ ಎತ್ತಿದ್ದರಿಂದ ಹೀಗಾಯಿತೇ, ನೋವನ್ನು ಮೊದಲೇ ಹೇಳಬೇಕಿತ್ತೇ ಎಂದು ಹಿಂದಿನ ದಿನಗಳನ್ನು ಮತ್ತೆ ಮತ್ತೆ ಕೆದಕುತ್ತಾರೆ. ಸುತ್ತಲಿನವರ ಮಾತು ಇದಕ್ಕೆ ಉಪ್ಪು ಸವರುತ್ತದೆ. ಪಪ್ಪಾಯಿ ತಿಂದಳು, ಗ್ರಹಣದ ದಿನ ಹೊರಗೆ ಬಂದಳು, ಕೆಲಸ ಬಿಡು ಅಂದರೆ ಕೇಳಲಿಲ್ಲ ಎಂಬ ಮಾತುಗಳು ಆಸ್ಪತ್ರೆಯ ವರಾಂಡದಲ್ಲೇ ಕಿವಿಗೆ ಬೀಳುತ್ತವೆ.

ಅವಧಿಪೂರ್ವ ಹೆರಿಗೆಗೆ ವೈದ್ಯವಿಜ್ಞಾನ ಗುರುತಿಸಿದ ಕಾರಣಗಳು ಬೇರೆಯೇ ಇವೆ. ಗರ್ಭಿಣಿಯ ಅಧಿಕ ರಕ್ತದೊತ್ತಡ, ಗರ್ಭಕೋಶದ ಅಥವಾ ಮೂತ್ರನಾಳದ ಸೋಂಕು, ಅವಳಿ ತ್ರಿವಳಿ ಗರ್ಭ, ಮಧುಮೇಹ, ಗರ್ಭಕೊರಳಿನ ದೌರ್ಬಲ್ಯ, ಮಾಸು ಕಳಚಿಕೊಳ್ಳುವುದು, ಹಿಂದೆ ಇಂಥದೇ ಹೆರಿಗೆ ಆಗಿರುವುದು ಇವುಗಳಲ್ಲಿ ಮುಖ್ಯವಾದವು. ಎಷ್ಟೋ ಪ್ರಕರಣಗಳಲ್ಲಿ ಎಲ್ಲ ಪರೀಕ್ಷೆಗಳ ನಂತರವೂ ಕಾರಣ ಸಿಗುವುದಿಲ್ಲ. ಗ್ರಹಣಕ್ಕೂ ಹೆರಿಗೆಗೂ ಸಂಬಂಧವಿಲ್ಲ. ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಹಳೆಯ ನಂಬಿಕೆಯೂ ಸುಳ್ಳು. ಗರ್ಭದಲ್ಲಿ ಕಳೆಯುವ ಒಂದೊಂದು ವಾರವೂ ಮಗು ಬದುಕುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಇದು ನಿನ್ನ ತಪ್ಪಲ್ಲಮ್ಮ ಎಂಬ ಮಾತನ್ನು ವೈದ್ಯರು ತಾಯಿಗೆ ಹೇಳಬೇಕು, ಅವಳ ಅತ್ತೆ ಮಾವ ಗಂಡನ ಎದುರಿಗೇ ಹೇಳಬೇಕು. ಒಂದು ಸಲ ಹೇಳಿದರೆ ಅದು ಮನಸ್ಸಿಗೆ ಇಳಿಯುವುದಿಲ್ಲ.

ಹಾಲಿನ ಚಿಂತೆ

ಬೇರೆಲ್ಲ ಕೆಲಸ ಕೈತಪ್ಪಿದಾಗಲೂ ತಾಯಿಯೊಬ್ಬಳಿಗೇ ಸಾಧ್ಯವಾಗುವ ಕೆಲಸ ಹಾಲು ಕೊಡುವುದು. ಮೊದಲ ದಿನಗಳ ಗಿಣ್ಣುಹಾಲು ಹನಿಗಳಷ್ಟೇ ಬಂದರೂ ಮಗುವನ್ನು ಸೋಂಕಿನಿಂದ ಕಾಯುತ್ತದೆ. 34 ವಾರಕ್ಕೆ ಮೊದಲು ಹುಟ್ಟಿದ ಹೆಚ್ಚಿನ ಮಕ್ಕಳಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಬರುವುದಿಲ್ಲ. ಹೀಗಾಗಿ ತಾಯಿ ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲವಾದರೂ ಹಾಲು ಹಿಂಡಬೇಕು.

ಆತಂಕ, ನಿದ್ದೆಗೇಡು, ನೋವು ಇವು ಹಾಲು ಇಳಿಯುವುದನ್ನು ತಡೆಯುತ್ತವೆ. ಹಾಲು ಸಾಲದೆ ಬಂದರೆ ಆತಂಕ ಇನ್ನೂ ಏರುತ್ತದೆ. ಹಾಲಿನ ಬಟ್ಟಲನ್ನು ಪಕ್ಕದ ತಾಯಿಯ ಬಟ್ಟಲಿನೊಂದಿಗೆ ಹೋಲಿಸಿಕೊಂಡು ಕೊರಗುವವರು ಬಹಳ. ಮಗುವನ್ನು ನೋಡಿ ಬಂದ ಮೇಲೆ, ಎದೆಗವಚಿಕೊಂಡ ಮೇಲೆ ಹಿಂಡಿದರೆ ಹಾಲು ಹೆಚ್ಚು ಬರುತ್ತದೆ. ಸಾಲದೇ ಹೋದಾಗ ಎದೆಹಾಲಿನ ಬ್ಯಾಂಕುಗಳ ನೆರವು ಪಡೆಯಬಹುದು. ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ದೇಶದ ಮೊದಲ ಎದೆಹಾಲಿನ ಬ್ಯಾಂಕು ತೆರೆದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಈಗ ಇಂಥ ಬ್ಯಾಂಕು ಇದೆ. ಇನ್ನೊಬ್ಬ ತಾಯಿಯ ಹಾಲು ಪಡೆಯುವುದು ಸೋಲಲ್ಲ ಎಂಬ ಭರವಸೆಯ ಮಾತೂ ಹಾಲಿನಷ್ಟೇ ಅಗತ್ಯ.

ತಂದೆಯ ಮೌನ

ಆಸ್ಪತ್ರೆಯಲ್ಲಿ ತಂದೆಯ ಗುರುತು ಬಿಲ್ಲು ಕಟ್ಟುವವನು, ಔಷಧಿ ತರುವವನು, ಸಹಿ ಹಾಕುವವನು. ಹೆರಿಗೆಯ ನಂತರ ಮಗುವನ್ನು ಮೊದಲು ನೋಡುವವನು ಅನೇಕ ಸಲ ಅವನೇ. ಮಗುವಿನ ಸ್ಥಿತಿ ಗಂಭೀರ ಎಂಬ ಸುದ್ದಿಯನ್ನು ಮೊದಲು ಕೇಳುವವನೂ ಅವನೇ. ಅದನ್ನು ಹೆಂಡತಿಗೆ ಎಷ್ಟು ಹೇಳಬೇಕು, ಎಷ್ಟು ಮುಚ್ಚಿಡಬೇಕು ಎಂಬ ಭಾರವನ್ನೂ ಒಬ್ಬನೇ ಹೊರುತ್ತಾನೆ. ದಿನಗೂಲಿಯವನಾದರೆ ಆಸ್ಪತ್ರೆಯಲ್ಲಿ ಕೂತ ದಿನ ಸಂಪಾದನೆ ಇಲ್ಲ. ಖಾಸಗಿ ಆಸ್ಪತ್ರೆಯಾದರೆ ದಿನಕ್ಕಿಷ್ಟು ಎಂದು ಬಿಲ್ಲು ಏರುತ್ತದೆ. ಸಾಲ, ಒಡವೆ ಅಡವು, ಊರಿನ ಜಮೀನಿನ ಮಾತು ಎಲ್ಲ ಇದೇ ದಿನಗಳಲ್ಲಿ ಎದುರಾಗುತ್ತವೆ.

ಗಂಡಸು ಅಳಬಾರದು ಎಂಬ ಕಟ್ಟುಪಾಡಿನಲ್ಲಿ ಬೆಳೆದವನು ತನ್ನ ಭಯವನ್ನು ಯಾರಿಗೂ ಹೇಳಿಕೊಳ್ಳುವುದಿಲ್ಲ. ಅದು ಸಿಡುಕಾಗಿ, ಸಿಬ್ಬಂದಿಯೊಂದಿಗೆ ಜಗಳವಾಗಿ, ಕುಡಿತವಾಗಿ, ಇಲ್ಲವೇ ಯಾರೊಂದಿಗೂ ಮಾತಾಡದ ಮೌನವಾಗಿ ಹೊರಬರುತ್ತದೆ. ಅವನು ಗಟ್ಟಿಯಾಗಿದ್ದಾನೆ, ಅವನಿಗೇನೂ ಅನ್ನಿಸುತ್ತಿಲ್ಲ ಎಂದು ಹೆಂಡತಿ ತಪ್ಪು ತಿಳಿಯುವುದುಂಟು. ಹೀಗೆ ಒಂದೇ ದುಃಖದಲ್ಲಿರುವ ಇಬ್ಬರು ದೂರವಾಗುತ್ತಾರೆ. ತಂದೆಯರಲ್ಲೂ ಖಿನ್ನತೆ, ಆತಂಕ ಕಾಣಿಸಿಕೊಳ್ಳುತ್ತವೆ ಎಂಬುದು ಅಧ್ಯಯನಗಳಿಂದ ದೃಢಪಟ್ಟಿದೆ. ವೈದ್ಯರು ಮಗುವಿನ ಸ್ಥಿತಿ ವಿವರಿಸುವಾಗ ಇಬ್ಬರನ್ನೂ ಒಟ್ಟಿಗೆ ಕೂರಿಸುವುದು ಈ ದೂರವನ್ನು ತಪ್ಪಿಸುವ ಸರಳ ದಾರಿ.

ದುಃಖ ಕಾಯಿಲೆಯಾದಾಗ

ಮಗು ನಿಗಾ ಘಟಕದಲ್ಲಿರುವಾಗ ಅಳು ಬರುವುದು, ನಿದ್ದೆ ಬಾರದಿರುವುದು, ಸಿಟ್ಟು ಬರುವುದು ಸಹಜ. ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ ಹಾರ್ಮೋನುಗಳ ಏರುಪೇರಿನಿಂದ ಯಾವ ಬಾಣಂತಿಯಲ್ಲೂ ಅಳು, ಬೇಸರ ಕಾಣಿಸಬಹುದು. ಅದು ತಾನಾಗಿ ಇಳಿಯುತ್ತದೆ. ಎರಡು ವಾರ ದಾಟಿಯೂ ಮನಸ್ಸು ಮಂಕಾಗಿಯೇ ಇದ್ದರೆ, ಮಗುವನ್ನು ನೋಡಲು ಹೋಗಲೇ ಮನಸ್ಸಾಗದಿದ್ದರೆ, ಊಟ ನಿದ್ದೆ ಪೂರ್ತಿ ಕೆಟ್ಟರೆ, ತಾನು ನಿಷ್ಪ್ರಯೋಜಕಳು ಎಂಬ ಮಾತು ಮತ್ತೆ ಮತ್ತೆ ಬಂದರೆ ಅದು ಖಿನ್ನತೆಯ ಲಕ್ಷಣ. ಹೆರಿಗೆಯ ದೃಶ್ಯವೋ ಅಲಾರಂ ಸದ್ದೋ ಕನಸಿನಲ್ಲಿ ಮರುಕಳಿಸುವುದು, ಆಸ್ಪತ್ರೆಯ ವಾಸನೆಗೇ ಎದೆ ಹೊಡೆದುಕೊಳ್ಳುವುದು, ಸದಾ ಬೆಚ್ಚುವುದು ಆಘಾತದ ನಂತರದ ಮಾನಸಿಕ ಸಮಸ್ಯೆಯ ಗುರುತುಗಳು. ಇಲ್ಲದ್ದು ಕೇಳಿಸುವುದು, ಕಾಣಿಸುವುದು, ಮಗುವಿಗೋ ತನಗೋ ಹಾನಿ ಮಾಡಿಕೊಳ್ಳುವ ಯೋಚನೆ ಬಂದರೆ ಅದು ತುರ್ತು ಸ್ಥಿತಿ; ಗಾಳಿ ಸೋಕಿದೆ ಎಂದು ಕಾಲ ಕಳೆಯದೆ ಆ ದಿನವೇ ವೈದ್ಯರಿಗೆ ತೋರಿಸಬೇಕು.

ಭಾರತದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆ, ಬಾಣಂತಿಯರಲ್ಲಿ ಸುಮಾರು ಶೇ 22ರಷ್ಟು ಮಂದಿಗೆ ಖಿನ್ನತೆ ಇರುತ್ತದೆ ಎಂದಿತು. ಬೇರೆ ಬೇರೆ ದೇಶಗಳ ಅಧ್ಯಯನಗಳ ಪ್ರಕಾರ ದಿನ ತುಂಬದ ಮಕ್ಕಳ ತಾಯಂದಿರಲ್ಲಿ ಮೊದಲ ವಾರಗಳಲ್ಲಿ ಇದು ಶೇ 40ರವರೆಗೂ ಏರಬಹುದು. ಗುರುತಿಸುವ ಸಾಧನ ಕಷ್ಟದ್ದಲ್ಲ. ಜಾನ್ ಕಾಕ್ಸ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಎಡಿನ್‌ಬರೋ ಮಾಪಕದಲ್ಲಿ ಇರುವುದು ಹತ್ತು ಪ್ರಶ್ನೆಗಳು, ಉತ್ತರಿಸಲು ಕೆಲವು ನಿಮಿಷ ಸಾಕು. ಕನ್ನಡದಲ್ಲೂ ಇದು ಲಭ್ಯವಿದೆ. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ಆರಂಭಿಸಿದ ತಾಯಿ-ಮಗು ಘಟಕದಲ್ಲಿ ಮಾನಸಿಕ ಕಾಯಿಲೆಯ ಬಾಣಂತಿಯನ್ನು ಮಗುವಿನಿಂದ ಅಗಲಿಸದೆ ಚಿಕಿತ್ಸೆ ನೀಡುತ್ತಾರೆ. ಫೋನಿನಲ್ಲೇ ನೆರವು ಬೇಕಾದವರಿಗೆ 2022ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮುಚ್ಚಿದ ಬಾಗಿಲು ತೆರೆದದ್ದು

ಇಪ್ಪತ್ತನೆಯ ಶತಮಾನದ ಬಹುಭಾಗ ಪಾಶ್ಚಾತ್ಯ ಆಸ್ಪತ್ರೆಗಳು ಸೋಂಕಿನ ಭಯದಿಂದ ಹೆತ್ತವರನ್ನು ದಿನ ತುಂಬದ ಮಕ್ಕಳ ವಾರ್ಡಿನೊಳಗೆ ಬಿಡುತ್ತಿರಲಿಲ್ಲ; ಗಾಜಿನ ಕಿಟಕಿಯಿಂದ ನೋಡಿ ಹೋಗಬೇಕಿತ್ತು. 1970ರ ಸುಮಾರಿಗೆ ಅಮೆರಿಕದ ಮಾರ್ಷಲ್ ಕ್ಲಾಸ್, ಜಾನ್ ಕೆನೆಲ್ ಮೊದಲಾದ ವೈದ್ಯರು ತಾಯಂದಿರನ್ನು ಒಳಗೆ ಬಿಟ್ಟು ನೋಡಿದರು. ಕೈ ತೊಳೆದು ಬಂದ ತಾಯಿಯಿಂದ ಸೋಂಕು ಹೆಚ್ಚಲಿಲ್ಲ. ಬಾಗಿಲು ಮುಚ್ಚಿಡಲು ಇದ್ದ ದೊಡ್ಡ ಕಾರಣ ಅಲ್ಲಿಗೆ ಬಿದ್ದುಹೋಯಿತು.

ಇನ್ನೊಂದು ದೊಡ್ಡ ಬದಲಾವಣೆ ಬಡತನದ ನಡುವೆ ಹುಟ್ಟಿತು. ಕೊಲಂಬಿಯಾದ ರಾಜಧಾನಿ ಬೊಗೊಟಾದ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಒಂದರಲ್ಲೇ ಹಲವು ಮಕ್ಕಳನ್ನು ಮಲಗಿಸಬೇಕಾಗಿತ್ತು, ಸೋಂಕಿನಿಂದ ಸಾವು ಹೆಚ್ಚಿತ್ತು. 1978ರಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಮಕ್ಕಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕ್ರಮ ಆರಂಭಿಸಿದರು. ಇಂದು ಅದನ್ನು ಕಾಂಗರೂ ತಾಯಿ ಆರೈಕೆ ಎನ್ನುತ್ತಾರೆ. ತಾಯಿಯ ಮೈ ಮಗುವನ್ನು ಬೆಚ್ಚಗಿಡುತ್ತದೆ, ಉಸಿರನ್ನು ಸ್ಥಿರಗೊಳಿಸುತ್ತದೆ, ಎದೆಹಾಲು ಹೆಚ್ಚುತ್ತದೆ. ಅಷ್ಟೇ ಮುಖ್ಯವಾಗಿ, ತನ್ನಿಂದ ಮಗುವಿಗೆ ಏನೋ ಆಗುತ್ತಿದೆ ಎಂಬ ಧೈರ್ಯ ತಾಯಿಗೆ ಮರಳುತ್ತದೆ. ತಂದೆ, ಅಜ್ಜಿ, ಚಿಕ್ಕಮ್ಮ ಕೂಡ ಸರದಿಯಲ್ಲಿ ಮಾಡಬಹುದು.

ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾಗಳ ಐದು ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಮಗುವಿನ ಸ್ಥಿತಿ ಸ್ಥಿರವಾಗುವವರೆಗೆ ಕಾಯದೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಆರಂಭಿಸಿದಾಗ ಮೊದಲ 28 ದಿನಗಳ ಸಾವು ಶೇ 25ರಷ್ಟು ತಗ್ಗಿತ್ತು. ಭಾರತದಲ್ಲಿ ಈ ಅಧ್ಯಯನ ನಡೆದ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ಇದಕ್ಕಾಗಿಯೇ ತಾಯಿಯ ಹಾಸಿಗೆಯನ್ನೂ ನಿಗಾ ಘಟಕದ ಒಳಗೇ ಹಾಕಿದ್ದರು. 2022ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ದಿನಕ್ಕೆ 8ರಿಂದ 24 ಗಂಟೆ ಕಾಂಗರೂ ಆರೈಕೆಯನ್ನು ಶಿಫಾರಸು ಮಾಡಿತು, ಜೊತೆಗೆ ಕುಟುಂಬಕ್ಕೂ ಬೆಂಬಲ ಬೇಕೆಂದು ಹೇಳಿತು. ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಯ ಮಟ್ಟದಲ್ಲಿ ಹರಡುವುದು ಹೇಗೆ ಎಂಬ ಅಧ್ಯಯನಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದದ್ದು ಕೊಪ್ಪಳ.

ಹೆತ್ತವರೂ ಆರೈಕೆಯ ತಂಡದಲ್ಲಿ

ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ 1979ರಲ್ಲಿ ನರ್ಸ್‌ಗಳ ಕೊರತೆ ಎದುರಾದಾಗ ಡಾ. ಆದಿಕ್ ಲೆವಿನ್ ತಾಯಂದಿರಿಗೇ ಮಗುವಿನ ಆರೈಕೆಯ ಹೆಚ್ಚಿನ ಕೆಲಸ ಒಪ್ಪಿಸಿದರು. ಇದರಿಂದ ಪ್ರೇರಣೆ ಪಡೆದ ಕೆನಡಾದ ಡಾ. ಶೂ ಲೀ ಟೊರಾಂಟೊದಲ್ಲಿ ಕುಟುಂಬವನ್ನು ಒಳಗೊಂಡ ಆರೈಕೆಯ ಕ್ರಮ ರೂಪಿಸಿದರು. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ 26 ಘಟಕಗಳಲ್ಲಿ ಇದನ್ನು ಪರೀಕ್ಷಿಸಿದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಮಕ್ಕಳ ತೂಕ ಚೆನ್ನಾಗಿ ಏರಿತ್ತು, ಹೆತ್ತವರ ಒತ್ತಡ ಮತ್ತು ಆತಂಕ ತಗ್ಗಿತ್ತು.

ಭಾರತದಲ್ಲಿ ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆ ಇದೇ ದಾರಿಯಲ್ಲಿ ಪ್ರಯೋಗ ನಡೆಸಿತು. ಅದರ ಆಧಾರದ ಮೇಲೆ ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ಕುಟುಂಬ ಸಹಭಾಗಿತ್ವದ ಆರೈಕೆಗೆ ಮಾರ್ಗಸೂಚಿ ಹೊರಡಿಸಿತು. ಕೈ ತೊಳೆಯುವ ಕ್ರಮ, ಮಗುವನ್ನು ಒರೆಸಿ ಶುಚಿಯಾಗಿಡುವುದು, ಹಾಲೂಡಿಸುವುದು, ಕಾಂಗರೂ ಆರೈಕೆ, ಅಪಾಯದ ಲಕ್ಷಣ ಗುರುತಿಸುವುದು ಎಲ್ಲವನ್ನೂ ತಾಯಿ ತಂದೆಗೆ ಘಟಕದೊಳಗೇ ಕಲಿಸಬೇಕು ಎಂಬುದು ಅದರ ಸಾರ. ಸೂಜಿ, ಔಷಧ, ಯಂತ್ರಗಳ ಕೆಲಸ ಸಿಬ್ಬಂದಿಯದೇ. ಉಳಿದದ್ದನ್ನು ಹೆತ್ತವರ ಕೈಗೆ ಕೊಟ್ಟಾಗ ಪ್ರೇಕ್ಷಕರಾಗಿ ನಿಂತಿದ್ದವರು ಮತ್ತೆ ತಾಯಿ ತಂದೆಯಾಗುತ್ತಾರೆ.

ಇದಕ್ಕೆ ಮಾತಿನ ಬೆಂಬಲವೂ ಬೇಕು. ದಿನಕ್ಕೊಂದು ಸಲ ನಿಗದಿತ ಹೊತ್ತಿನಲ್ಲಿ ವೈದ್ಯರು ಐದು ನಿಮಿಷ ಮಾತಾಡುತ್ತಾರೆ ಎಂಬ ಖಾತರಿಯೇ ಹೆತ್ತವರ ಆತಂಕವನ್ನು ಅರ್ಧ ಇಳಿಸಬಲ್ಲದು. ಆಘಾತದಲ್ಲಿರುವವರಿಗೆ ಹೇಳಿದ್ದು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಮತ್ತೆ ಕೇಳಿದರೆ ಸಿಡುಕದೆ ಮತ್ತೆ ಹೇಳಬೇಕು. ಮಗುವನ್ನು ಹೆಸರು ಹಿಡಿದು ಕರೆಯುವುದು, ಇಂದು ಕಣ್ಣು ಬಿಟ್ಟು ನೋಡಿದ ಎಂಬಂಥ ಸಣ್ಣ ಸುದ್ದಿ ಕೊಡುವುದು ಖರ್ಚಿಲ್ಲದ ಕೆಲಸಗಳು. ಒಬ್ಬೊಬ್ಬ ನರ್ಸ್ ಹತ್ತಾರು ಮಕ್ಕಳನ್ನು ನೋಡಬೇಕಾದ ಕಡೆ ಇದಕ್ಕೆ ಹೊತ್ತೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕಾಗಿಯೇ ಪ್ರತಿ ಘಟಕಕ್ಕೆ ಆಪ್ತಸಮಾಲೋಚಕರು ಬೇಕು. ಇದೇ ದಾರಿ ದಾಟಿ ಮಗುವನ್ನು ಮನೆಗೆ ಒಯ್ದ ಹಳೆಯ ಹೆತ್ತವರು ವಾರಕ್ಕೊಮ್ಮೆ ಬಂದು ಹೊಸಬರೊಂದಿಗೆ ಕೂತು ಮಾತಾಡಿದರೆ ಅದೂ ದೊಡ್ಡ ಆಸರೆ.

ಮಗು ಉಳಿಯದಿದ್ದಾಗ

ಎಲ್ಲ ಪ್ರಯತ್ನದ ನಂತರವೂ ಕೆಲವು ಮಕ್ಕಳು ಉಳಿಯುವುದಿಲ್ಲ. ಆಗ ತಾಯಿ ನೋಡಿದರೆ ತಡೆದುಕೊಳ್ಳಲಾರಳು ಎಂದು ಮಗುವನ್ನು ಅವಳಿಗೆ ತೋರಿಸದೆ ಒಯ್ಯುವ ರೂಢಿ ಅನೇಕ ಕುಟುಂಬಗಳಲ್ಲಿದೆ. ಉದ್ದೇಶ ಕರುಣೆಯದೇ. ಆದರೆ ನೋಡಬೇಕೇ, ಎತ್ತಿಕೊಳ್ಳಬೇಕೇ ಎಂಬ ನಿರ್ಧಾರ ತಾಯಿಯದಾಗಬೇಕು. ಬಯಸಿದವಳಿಗೆ ಆ ಅವಕಾಶ ತಪ್ಪಿಸಿದರೆ ಅದು ಎಂದೂ ಮಾಯದ ಕೊರಗಾಗುತ್ತದೆ. ಇನ್ನೊಂದು ಮಗುವಾದರೆ ಸರಿಹೋಗುತ್ತದೆ, ಹೇಗೂ ಸಣ್ಣ ಕೂಸಲ್ಲವೇ ಎಂಬ ಸಮಾಧಾನಗಳು ಸಮಾಧಾನ ತರುವುದಿಲ್ಲ. ಎರಡೇ ದಿನ ಬದುಕಿದ ಮಗುವೂ ಆ ಮನೆಯ ಮಗುವೇ. ಅವಳಿಗಳಲ್ಲಿ ಒಂದು ಉಳಿದು ಒಂದು ಹೋದಾಗ ಹೆತ್ತವರು ಒಂದೇ ದಿನ ಅತ್ತೂ ನಗಬೇಕಾಗುತ್ತದೆ. ಅವರ ಬಳಿ ಉಳಿದ ಮಗುವಿನ ಮಾತಷ್ಟೇ ಆಡುವುದು ಸರಿಯಲ್ಲ.

ಮನೆಗೆ ಬಂದ ಮೇಲೆ

ಡಿಸ್‌ಚಾರ್ಜ್ ದಿನದ ಸಂತೋಷದ ಹಿಂದೆ ಹೊಸ ಭಯವೊಂದು ಇರುತ್ತದೆ. ಇಷ್ಟು ದಿನ ಮಾನಿಟರ್ ನೋಡಿಕೊಳ್ಳುತ್ತಿದ್ದ ಮಗುವಿನ ಉಸಿರನ್ನು ಇನ್ನು ತಾನೇ ನೋಡಿಕೊಳ್ಳಬೇಕು ಎಂದು ರಾತ್ರಿಯೆಲ್ಲ ಎದ್ದು ಕೂರುವ ತಾಯಂದಿರಿದ್ದಾರೆ. ಮನೆಗೆ ಹೋಗುವ ಮೊದಲು ಕೆಲವು ದಿನ ಆಸ್ಪತ್ರೆಯಲ್ಲೇ ತಾಯಿಯೊಬ್ಬಳೇ ಮಗುವನ್ನು ಪೂರ್ತಿ ನೋಡಿಕೊಂಡು ಅಭ್ಯಾಸವಾದರೆ ಈ ಭಯ ತಗ್ಗುತ್ತದೆ. ಊರಿನ ಆಶಾ ಕಾರ್ಯಕರ್ತೆಯ ಮನೆಭೇಟಿಯೂ ಧೈರ್ಯ ಕೊಡುತ್ತದೆ.

ಮುಂದಿನ ತಪಾಸಣೆಗಳನ್ನು ತಪ್ಪಿಸಬಾರದು. ದಿನ ತುಂಬದ ಮಕ್ಕಳ ಅಕ್ಷಿಪಟಕ್ಕೆ ಬರಬಹುದಾದ ಆರ್‌ಒಪಿ ಎಂಬ ತೊಂದರೆಗೆ ಹುಟ್ಟಿದ 30 ದಿನಗಳೊಳಗೆ ಕಣ್ಣಿನ ಪರೀಕ್ಷೆ ಆಗಬೇಕು. ಸಕಾಲಕ್ಕೆ ಗುರುತಿಸಿದರೆ ಕುರುಡುತನ ತಪ್ಪುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆ ಈ ಪರೀಕ್ಷೆಯನ್ನು ಜಿಲ್ಲೆಗಳಿಗೇ ಒಯ್ದಿದೆ. ಬೆಳವಣಿಗೆ ಅಳೆಯುವಾಗ ಮಗು ಎಷ್ಟು ವಾರ ಮೊದಲು ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆಯಬೇಕು. ಎರಡು ತಿಂಗಳು ಮೊದಲು ಹುಟ್ಟಿದ ಮಗುವಿಗೆ ಆರು ತಿಂಗಳಾದಾಗ ಅದರ ನಿಜವಾದ ಅಳತೆ ನಾಲ್ಕು ತಿಂಗಳು. ಇದು ಗೊತ್ತಿಲ್ಲದೆ ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಿ ಕೊರಗುವ ಹೆತ್ತವರು ಅನೇಕ.

ಸಮಾಜದ ಪಾಲು

ಸರ್ಕಾರಿ ಆಸ್ಪತ್ರೆಯಲ್ಲಿ ನವಜಾತ ಶಿಶುವಿನ ಚಿಕಿತ್ಸೆ, ಔಷಧ, ಸಾಗಣೆ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಒಂದು ವರ್ಷದವರೆಗಿನ ಮಕ್ಕಳಿಗೂ ಈಗ ಇದು ಅನ್ವಯಿಸುತ್ತದೆ. ಉದ್ಯೋಗಸ್ಥ ತಾಯಿಗೆ ಸಿಗುವ 26 ವಾರಗಳ ಹೆರಿಗೆ ರಜೆಯಲ್ಲಿ ದೊಡ್ಡ ಭಾಗ ಆಸ್ಪತ್ರೆಯಲ್ಲೇ ಕರಗುತ್ತದೆ. ಅವಧಿಪೂರ್ವ ಹೆರಿಗೆಯಿಂದ ಅನಾರೋಗ್ಯ ಉಂಟಾದರೆ ಒಂದು ತಿಂಗಳವರೆಗೆ ಹೆಚ್ಚುವರಿ ವೇತನ ಸಹಿತ ರಜೆ ಪಡೆಯಲು 1961ರ ಮಾತೃತ್ವ ಸೌಲಭ್ಯ ಕಾಯ್ದೆ ಅವಕಾಶ ಕಲ್ಪಿಸಿತು. ಇದು ಹೆಚ್ಚಿನವರಿಗೆ ತಿಳಿದೇ ಇಲ್ಲ. ಬ್ರಿಟನ್ 2025ರ ಏಪ್ರಿಲ್‌ನಿಂದ ಮಗು ನಿಗಾ ಘಟಕದಲ್ಲಿದ್ದರೆ ತಾಯಿ ತಂದೆ ಇಬ್ಬರಿಗೂ 12 ವಾರಗಳವರೆಗೆ ಪ್ರತ್ಯೇಕ ರಜೆ ನೀಡುತ್ತಿದೆ. ಭಾರತದ ಖಾಸಗಿ ವಲಯದಲ್ಲಿ ತಂದೆಗೆ ಒಂದು ದಿನದ ರಜೆಯನ್ನೂ ಕಾನೂನು ಕಡ್ಡಾಯ ಮಾಡಿಲ್ಲ. ಇದು ಬದಲಾಗಬೇಕು.

ಬಂಧುಗಳು, ಸ್ನೇಹಿತರು ಮಾಡಬಹುದಾದ ಕೆಲಸ ಕಾನೂನಿಗಾಗಿ ಕಾಯಬೇಕಿಲ್ಲ. ಆಸ್ಪತ್ರೆಗೆ ಬುತ್ತಿ ಒಯ್ಯುವುದು, ಮನೆಯಲ್ಲಿರುವ ದೊಡ್ಡ ಮಗುವನ್ನು ಶಾಲೆಗೆ ಬಿಟ್ಟು ಬರುವುದು, ಒಂದು ರಾತ್ರಿ ತಂದೆಯನ್ನು ಮಲಗಲು ಕಳಿಸಿ ತಾವು ಕಾಯುವುದು ನಿಜವಾದ ನೆರವು. ಕಾರಣ ಕೆದಕುವುದು, ತೂಕ ಎಷ್ಟಾಯಿತು ಎಂದು ದಿನಾ ಫೋನು ಮಾಡುವುದು, ಬೇರೆ ಮಗುವಿನ ಸಾವಿನ ಕಥೆ ಹೇಳುವುದು ನೆರವಲ್ಲ. ದಿನ ತುಂಬದ ಮಗು ಹುಟ್ಟಿದ ಮನೆಗೆ ಹೋದವರು ಮಗು ಹೇಗಿದೆ ಎಂದು ಕೇಳಿದ ಮೇಲೆ ಇನ್ನೊಂದು ಮಾತನ್ನೂ ಮರೆಯದೆ ಕೇಳಬೇಕು: ನೀವು ಹೇಗಿದ್ದೀರಿ, ಊಟ ಮಾಡಿದಿರಾ, ನಿದ್ದೆ ಬಂತಾ? ಕೇಳಿ, ಉತ್ತರ ಮುಗಿಯುವವರೆಗೂ ಅವರ ಪಕ್ಕದಲ್ಲಿ ಕೂರಬೇಕು.